ರಫ್ ಪುಸ್ತಕದಲ್ಲಿ ಉಳಿದ ಹನಿಗಳು

ಹೋದ ತಿಂಗಳು ಹಳೇ ಪುಸ್ತಕಗಳ ಡಬ್ಬ ತೆಗೆದಾಗ ಬಿಎಸ್ಸಿ ಕೊನೇ ವರ್ಷದ ಫಿಸಿಕ್ಸ್ ರೆಕಾರ್ಡ್ ಸಿಕ್ಕಿತು. ಎಡಗಡೆ ಪೆನ್ಸಿಲ್ಲಿನ ಚಿತ್ರ, ಬಲಗಡೆ ನೀಲಿ ಇಂಕಿನ ಬರಹ. ಒಂದೂ ಕಾಟು ಇಲ್ಲ, ಒಂದೂ ಚಿತ್ತು ಇಲ್ಲ. ಪುಟ ತಿರುವುತ್ತಾ ಮಿಲಿಕನ್ ಅವರ ಎಣ್ಣೆ ಹನಿ ಪ್ರಯೋಗಕ್ಕೆ ಬಂದೆ. ಎಲೆಕ್ಟ್ರಾನಿನ ಚಾರ್ಜ್ ಎಷ್ಟು ಅಂತ ಅಳೆಯುವ ಪ್ರಯೋಗ. ಟೇಬಲ್ಲಿನಲ್ಲಿ ಐದು ಹನಿ. ಐದಕ್ಕೂ ಲೆಕ್ಕ ಸರಿಯಾಗಿ ಕೂತಿದೆ. ಕೆಳಗೆ ಕೆಂಪು ಇಂಕಿನ ಸಹಿ. ಬೇರೆ ಯಾರಾದರೂ ನೋಡಿದರೆ ಎಷ್ಟು ಅಚ್ಚುಕಟ್ಟು ಅನ್ನಬಹುದು. ನನಗೆ ಮಾತ್ರ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. ಯಾಕೆಂದರೆ ಅವತ್ತು ನಾವು ನೋಡಿದ್ದು ಆರು ಹನಿ.

ಆ ಪ್ರಯೋಗಕ್ಕೆ ಅಂತ ಬೇರೆ ಕೋಣೆ ಇತ್ತು. ಕಿಟಕಿಗೆ ಕಪ್ಪು ಪರದೆ. ಒಳಗೆ ಹೋಗಿ ಹತ್ತು ನಿಮಿಷ ಸುಮ್ನೆ ಕೂತರೆ ಮಾತ್ರ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತಿತ್ತು. ನಮ್ಮದು ಇಬ್ಬರ ಬ್ಯಾಚು. ಒಬ್ಬಳು ದೂರದರ್ಶಕಕ್ಕೆ ಕಣ್ಣು ಹಚ್ಚಬೇಕು, ಇನ್ನೊಬ್ಬಳು ಸ್ಟಾಪ್‌ವಾಚ್ ಹಿಡಿದು ರೀಡಿಂಗ್ ಬರೆದುಕೊಳ್ಳಬೇಕು. ರಬ್ಬರ್ ಬಲ್ಬ್ ಒತ್ತಿದರೆ ಎಣ್ಣೆ ಮಂಜಿನ ಹಾಗೆ ಚಿಮ್ಮುತ್ತಿತ್ತು. ಮೊದಲು ಏನೂ ಕಾಣಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ನೂರಾರು ಚುಕ್ಕೆ. ಅಷ್ಟರಲ್ಲಿ ಒಂದನ್ನು ಆರಿಸಿಕೊಂಡು, ಅದರ ಮೇಲಿನ ಕಣ್ಣು ತೆಗೆಯದೆ ಕೂರಬೇಕು. ನಮ್ಮ ದೂರದರ್ಶಕದಲ್ಲಿ ಎಲ್ಲವೂ ತಲೆಕೆಳಗು. ಕೆಳಗೆ ಬೀಳುವ ಹನಿ ಮೇಲೆ ಏರುತ್ತಿರುವ ಹಾಗೆ ಕಾಣುತ್ತಿತ್ತು. ಕರೆಂಟಿನ ಸ್ವಿಚ್ ಹಾಕಿದ ತಕ್ಷಣ ಅದು ಬಂದ ದಾರಿಯಲ್ಲೇ ವಾಪಸ್ ಹೊರಡುತ್ತಿತ್ತು. ಅಷ್ಟು ಸಣ್ಣ ಹನಿ ನಮ್ಮ ಬೆರಳಿನ ಮಾತು ಕೇಳುತ್ತಿದೆಯಲ್ಲಾ ಅಂತ ನನಗೆ ಮೈ ಜುಮ್ಮೆಂದಿತ್ತು.

ಐದು ಹನಿ ಮುಗಿದ ಮೇಲೆ ಸಮಯ ಇದೆಯಲ್ಲ ಅಂತ ಆರನೆಯದನ್ನು ಹಿಡಿದೆವು. ಅದರ ಲೆಕ್ಕ ಕೂರಲೇ ಇಲ್ಲ. ಒಂದು ಎಲೆಕ್ಟ್ರಾನಿನ ಎರಡು ಪಟ್ಟು ಬರಬೇಕು, ಇಲ್ಲ ಮೂರು ಪಟ್ಟು ಬರಬೇಕು. ಇದು ಎರಡೂವರೆ ಅಂತಿತ್ತು. ಮತ್ತೆ ಲೆಕ್ಕ ಹಾಕಿದರೂ ಎರಡೂವರೆ. ನನ್ನ ಜೊತೆಯವಳು, "ಇದೊಂದು ಬಿಡೇ, ಹೊಂದ್ತಿಲ್ಲ. ಐದು ಸಾಕು" ಅಂದಳು. ಅಷ್ಟರಲ್ಲಿ ಸರ್ ಬಾಗಿಲಲ್ಲಿ ನಿಂತು, "ಐದಾಯ್ತಲ್ಲಮ್ಮಾ, ಬರೆದು ಮುಗಿಸಿ" ಅಂದರು. ಬರೆದು ಮುಗಿಸಿದೆವು. ಅಷ್ಟೇ ಅಲ್ಲ, ನಾಲ್ಕನೇ ಹನಿಯ ಸಮಯವನ್ನೂ ಒಂದಿಷ್ಟು ತಿದ್ದಿದೆವು. ಮೊದಲು ಬರೆದುಕೊಂಡಿದ್ದೆಲ್ಲ ಅಬ್ಸರ್ವೇಶನ್ ಪುಸ್ತಕದಲ್ಲಿತ್ತು. ರೆಕಾರ್ಡಿಗೆ ಸಹಿ ಬಿದ್ದ ಮೇಲೆ ಅದನ್ನು ಯಾರು ಕೇಳುತ್ತಾರೆ? ಪರೀಕ್ಷೆ ಮುಗಿದ ವರ್ಷವೇ ಅದು ರದ್ದಿಗೆ ಹೋಯಿತು. ಕಾಟು, ಚಿತ್ತು, ಎಣ್ಣೆ ಕಲೆ, ಆರನೇ ಹನಿ, ಎಲ್ಲವೂ ಅದರ ಜೊತೆಗೇ ಹೋದವು.

ಆ ರಾತ್ರಿ ರೆಕಾರ್ಡನ್ನು ತೊಡೆ ಮೇಲೆ ಇಟ್ಟುಕೊಂಡು ಯೋಚಿಸಿದೆ. ನಾನು ಯಾವ ಪ್ರೊಫೆಸರ್ ಪ್ರಯೋಗವನ್ನು ನಕಲು ಮಾಡುತ್ತಿದ್ದೆನೋ, ಅವರದ್ದೇ ರಫ್ ಪುಸ್ತಕಗಳು ಇವತ್ತಿಗೂ ಇವೆ. ಅವರೂ ಹನಿಗಳನ್ನು ಕೈಬಿಟ್ಟಿದ್ದರು. ಆದರೆ ಅವರು ಬಿಟ್ಟ ಹನಿಗಳು ಕಳೆದುಹೋಗಿಲ್ಲ.

ನಲವತ್ತು ದಾಟಿದ ಮೇಷ್ಟ್ರು

ರಾಬರ್ಟ್ ಆಂಡ್ರೂಸ್ ಮಿಲಿಕನ್ ಹುಟ್ಟಿದ್ದು 1868ರಲ್ಲಿ. ಷಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದಿದ್ದು 1896ರಲ್ಲಿ, ಬೆಳಕಿನ ವೇಗ ಅಳೆದು ಹೆಸರಾಗಿದ್ದ ಮೈಕೆಲ್ಸನ್ ಅವರ ಕೈಕೆಳಗೆ. ಮೊದಲ ಹತ್ತು ಹನ್ನೆರಡು ವರ್ಷ ಅವರ ಹೆಚ್ಚಿನ ಹೊತ್ತು ಪಾಠಕ್ಕೆ ಮತ್ತು ಪಠ್ಯಪುಸ್ತಕಕ್ಕೆ ಹೋಯಿತು. ಆ ಪುಸ್ತಕಗಳು ಅಮೆರಿಕದ ಶಾಲೆಗಳಲ್ಲಿ ತುಂಬಾ ಓಡಿದವು. ಒಳ್ಳೇ ಮೇಷ್ಟ್ರು ಅಂತ ಹೆಸರೂ ಬಂತು. ಆದರೆ ನಲವತ್ತು ತುಂಬುವಾಗ, ಇದು ನನ್ನ ಸಂಶೋಧನೆ ಅಂತ ಎತ್ತಿ ತೋರಿಸುವಂಥದ್ದು ಅವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಈ ವಿಷಯ ನನಗೆ ಮುಖ್ಯ ಅನ್ನಿಸುತ್ತೆ. ನಲವತ್ತರಲ್ಲಿ ಕೈ ಖಾಲಿ ಇರುವವರಿಗೆ ಒಂದು ಅವಸರ ಇರುತ್ತೆ. ಮುಂದೆ ಆ ನೋಟ್‌ಬುಕ್ಕಿನ ಪುಟಗಳನ್ನು ನೋಡುವಾಗ ಆ ಅವಸರ ನನ್ನ ಕಣ್ಣಿಗೆ ಕಾಣುತ್ತಲೇ ಇತ್ತು.

ಎಲೆಕ್ಟ್ರಾನಿನ ಚಾರ್ಜ್ ಅಳೆಯಲು ಆಗ ಇದ್ದ ದಾರಿ ನೀರಿನ ಹನಿಗಳ ಮೋಡವನ್ನು ನೋಡುವುದು. ಮೋಡದ ಬದಲು ಒಂದೇ ಹನಿಯನ್ನು ಹಿಡಿಯಬಹುದು ಅಂತ 1909ರ ಹೊತ್ತಿಗೆ ಮಿಲಿಕನ್ ಅವರಿಗೆ ಗೊತ್ತಾಯಿತು. ಆದರೆ ನೀರು ನೋಡುನೋಡುತ್ತಲೇ ಆರಿಹೋಗುತ್ತೆ. ಎಣ್ಣೆ ಆರಲ್ಲ. ಸುಮಾರು 22 ಸೆಂ.ಮೀ. ಅಗಲದ ಎರಡು ಹಿತ್ತಾಳೆ ತಟ್ಟೆಗಳು, ನಡುವೆ ಒಂದೂವರೆ ಸೆಂ.ಮೀ.ನಷ್ಟು ಜಾಗ. ಮೇಲಿನ ತಟ್ಟೆಯಲ್ಲಿ ಸೂಜಿಯಷ್ಟು ತೂತು. ಅದರಿಂದ ಇಳಿದ ಹನಿಗೆ ಗಾಳಿ ಅಡ್ಡ ಬರುವುದರಿಂದ ಅದು ಒಂದೇ ವೇಗದಲ್ಲಿ ಬೀಳುತ್ತೆ. ಆ ವೇಗದಿಂದ ಹನಿಯ ಗಾತ್ರ, ತೂಕ ಸಿಗುತ್ತೆ. ತಟ್ಟೆಗಳಿಗೆ ಸಾವಿರಾರು ವೋಲ್ಟ್ ಕೊಟ್ಟರೆ ಅದೇ ಹನಿ ಮೇಲೇರುತ್ತೆ. ಏರುವ ವೇಗದಿಂದ ಚಾರ್ಜ್ ಸಿಗುತ್ತೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಹನಿಯನ್ನು ಹಾಗೇ ಮೇಲೆ ಕೆಳಗೆ ಆಡಿಸುತ್ತಾ ಇದ್ದರೆ, ನಡುವೆ ಅದು ಗಾಳಿಯಲ್ಲಿನ ಒಂದು ಅಯಾನನ್ನು, ಅಂದರೆ ಚಾರ್ಜ್ ಇರುವ ಕಣವನ್ನು, ಹಿಡಿದುಬಿಡುತ್ತೆ. ತಕ್ಷಣ ಏರುವ ವೇಗ ಬದಲಾಗುತ್ತೆ. ಅದು ಮೆಲ್ಲಮೆಲ್ಲಗೆ ಬದಲಾಗುವುದಲ್ಲ, ಒಂದೇ ನೆಗೆತ. ಆ ನೆಗೆತಗಳೆಲ್ಲ ಒಂದೇ ಅಳತೆಯ ಮೆಟ್ಟಿಲುಗಳು. ಅರ್ಧ ಮೆಟ್ಟಿಲು ಇಲ್ಲ. ಕಣ್ಣಿಗೆ ಕಾಣದ ಎಲೆಕ್ಟ್ರಾನನ್ನು ಒಂದು, ಎರಡು, ಮೂರು ಅಂತ ಎಣಿಸಿದ ಹಾಗೆ.

ಅರ್ಧ ಮೆಟ್ಟಿಲು ಇದೆ ಅನ್ನುವವರೂ ಇದ್ದರು. ವಿಯೆನ್ನಾದ ಫೆಲಿಕ್ಸ್ ಎರೆನ್‌ಹಾಫ್ಟ್ 1910ರಲ್ಲಿ, ಎಲೆಕ್ಟ್ರಾನಿಗಿಂತ ಸಣ್ಣ ಚಾರ್ಜುಗಳು ನನಗೆ ಸಿಕ್ಕಿವೆ ಅಂದರು. ನಮ್ಮ ಎರಡೂವರೆಯ ಹನಿಯನ್ನು ಅವರಿಗೆ ತೋರಿಸಿದ್ದರೆ ಖುಷಿಪಡುತ್ತಿದ್ದರೋ ಏನೋ. ಜಗಳ ಜೋರಾಗಿತ್ತು. ಮಿಲಿಕನ್ ಅವರಿಗೆ ಸಂದೇಹಕ್ಕೆ ಎಡೆಯಿಲ್ಲದ ಅಳತೆ ಬೇಕಿತ್ತು, ಅದೂ ಬೇಗ ಬೇಕಿತ್ತು.

ಅಂಚಿನಲ್ಲಿ ಬರೆದ ಮಾತು

ಆ ಅಳತೆಯ ಎರಡು ನೋಟ್‌ಬುಕ್ಕುಗಳು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಕ್ಯಾಲ್ಟೆಕ್ ಸಂಸ್ಥೆಯ ದಾಖಲೆ ಸಂಗ್ರಹದಲ್ಲಿವೆ. 1921ರಲ್ಲಿ ಮಿಲಿಕನ್ ಷಿಕಾಗೋ ಬಿಟ್ಟು ಅಲ್ಲಿಗೆ ಹೋದರು. 1923ರಲ್ಲಿ ನೊಬೆಲ್ ಬಂತು. 1945ರವರೆಗೆ ಆ ಸಂಸ್ಥೆಯನ್ನು ನಡೆಸಿದವರೂ ಅವರೇ. ನೋಟ್‌ಬುಕ್ ಶುರುವಾಗುವುದು 1911ರ ಅಕ್ಟೋಬರ್ 28ಕ್ಕೆ, ಮುಗಿಯುವುದು 1912ರ ಏಪ್ರಿಲ್ 16ಕ್ಕೆ. ಅದರ ಪುಟಗಳ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನನಗೆ ನಮ್ಮ ಅಬ್ಸರ್ವೇಶನ್ ಪುಸ್ತಕವೇ ನೆನಪಾಯಿತು. ಎಡಗಡೆ ಬೀಳುವ ಸಮಯದ ಸಾಲು, ಪಕ್ಕದಲ್ಲಿ ಏರುವ ಸಮಯದ ಸಾಲು. ಸೆಕೆಂಡುಗಳು, ದಶಾಂಶಗಳು. ಉಷ್ಣತೆ, ಗಾಳಿಯ ಒತ್ತಡ, ವೋಲ್ಟೇಜು. ಜಾಗ ಸಿಕ್ಕಲ್ಲಿ ಒತ್ತೊತ್ತಾಗಿ ಲೆಕ್ಕ. ಮತ್ತೆ ಮೂಲೆಯಲ್ಲಿ, ಸೊಟ್ಟಗೆ, ಮಾತುಗಳು.

ಆ ಮಾತುಗಳಿಗಾಗಿಯೇ ಅವು ಪ್ರಸಿದ್ಧವಾಗಿರುವುದು. ಒಂದು ಕಡೆ, ಸುಂದರವಾಗಿದೆ, ಇದನ್ನು ಖಂಡಿತ ಪ್ರಕಟಿಸಬೇಕು ಅಂತ ಬರೆದಿದ್ದಾರೆ. ಇನ್ನೊಂದು ಕಡೆ, ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ ಅಂತ ಮೂರು ಆಶ್ಚರ್ಯದ ಗುರುತು ಹಾಕಿದ್ದಾರೆ. ಮತ್ತೊಂದು ಕಡೆ, ತಪ್ಪಿನ ಪ್ರಮಾಣ ಜಾಸ್ತಿ, ಬಳಸಲ್ಲ. ಕತ್ತಲೆ ಕೋಣೆಯಲ್ಲಿ ಗಂಟೆಗಟ್ಟಲೆ ಒಂದು ಚುಕ್ಕೆಗೆ ಕಣ್ಣು ನೆಟ್ಟು ಕೂತವರು ಹೊರಗೆ ಬಂದು ಇನ್ನೇನು ಬರೆಯುತ್ತಾರೆ? ಯಾರೋ ಓದುತ್ತಾರೆ ಅಂತ ಬರೆದ ಮಾತುಗಳಲ್ಲ ಅವು. ತಮಗೆ ತಾವೇ ಹೇಳಿಕೊಂಡದ್ದು. ನಾವು ಆ ಕೋಣೆಯಲ್ಲಿ ಪಿಸುಗುಟ್ಟಿಕೊಂಡ ಹಾಗೆ.

ತೊಂದರೆ ಬಂದಿದ್ದು 1913ರ ಲೇಖನದಿಂದ. ಅದರಲ್ಲಿ 58 ಹನಿಗಳ ಟೇಬಲ್ ಇದೆ. ಇವು ಆರಿಸಿದ ಹನಿಗಳಲ್ಲ, ಸತತ 60 ದಿನಗಳಲ್ಲಿ ನೋಡಿದ ಎಲ್ಲ ಹನಿಗಳೂ ಇವೇ ಅಂತ ಮಿಲಿಕನ್ ಅಲ್ಲಿ ಒತ್ತಿ ಹೇಳಿದ್ದಾರೆ. 65 ವರ್ಷ ಯಾರೂ ಇದನ್ನು ಪ್ರಶ್ನಿಸಲಿಲ್ಲ. 1978ರಲ್ಲಿ ವಿಜ್ಞಾನದ ಇತಿಹಾಸಕಾರ ಜೆರಾಲ್ಡ್ ಹೋಲ್ಟನ್ ನೋಟ್‌ಬುಕ್ ತೆರೆದು ನೋಡಿದರು. ಹನಿಗಳು 58ಕ್ಕಿಂತ ತುಂಬಾ ಜಾಸ್ತಿ ಇದ್ದವು. ಕೆಲವು ವರ್ಷದಲ್ಲೇ ಆಲನ್ ಫ್ರಾಂಕ್ಲಿನ್ ಅನ್ನುವವರು ಕೂತು ಒಂದೊಂದನ್ನೇ ಎಣಿಸಿದರು. ಒಟ್ಟು 175. ಅದರಲ್ಲಿ 68 ಹನಿ 1912ರ ಫೆಬ್ರವರಿ 13ಕ್ಕಿಂತ ಮೊದಲಿನವು, ಉಪಕರಣವನ್ನು ಇನ್ನೂ ಹದಕ್ಕೆ ತರುತ್ತಿದ್ದ ಕಾಲದವು. ಅವನ್ನು ಬಿಡೋಣ. ಆಮೇಲಿನವು 107. ಪ್ರಕಟವಾದದ್ದು 58. ಉಳಿದ 49?

ಇಲ್ಲಿ ಫ್ರಾಂಕ್ಲಿನ್ ಮಾಡಿದ ಕೆಲಸ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು. ಅವರು ಬೈಯುತ್ತಾ ಕೂರಲಿಲ್ಲ. ಮಿಲಿಕನ್ ಬಿಟ್ಟಿದ್ದ ಹನಿಗಳ ರೀಡಿಂಗ್ ತೆಗೆದುಕೊಂಡು ಲೆಕ್ಕ ಹಾಕಿದರು. ಎಲ್ಲ ಹನಿಗಳೂ ಲೆಕ್ಕಕ್ಕೆ ಸಿಗುವ ಹಾಗಿರಲಿಲ್ಲ, ಕೆಲವಕ್ಕೆ ರೀಡಿಂಗ್ ಪೂರ್ತಿ ಇರಲಿಲ್ಲ. ಸಿಕ್ಕಷ್ಟನ್ನು ಸೇರಿಸಿ ನೋಡಿದರೆ ಉತ್ತರ ಹೆಚ್ಚುಕಡಿಮೆ ಮೊದಲಿನದೇ! ಅಂಕಿಗಳ ಹರಡು ಸ್ವಲ್ಪ ಜಾಸ್ತಿ ಆಗುತ್ತೆ, ಅಷ್ಟೇ. ಅಂದರೆ ಆ 49 ಹನಿಗಳನ್ನು ಮುಚ್ಚಿಡುವ ಅಗತ್ಯವೇ ಇರಲಿಲ್ಲ.

ಮಿಲಿಕನ್ ಪರ ಮಾತಾಡುವವರೂ ಇದ್ದಾರೆ. ಕ್ಯಾಲ್ಟೆಕ್‌ನ ಭೌತವಿಜ್ಞಾನಿ ಡೇವಿಡ್ ಗುಡ್‌ಸ್ಟೀನ್ ಅವರಲ್ಲಿ ಒಬ್ಬರಾಗಿದ್ದರು. ಹನಿಯನ್ನು ಬಿಡಲು ನ್ಯಾಯವಾದ ಕಾರಣಗಳು ಇರುತ್ತವೆ. ಹನಿ ತೀರಾ ಸಣ್ಣದಾದರೆ ಗಾಳಿಯ ಕಣಗಳು ಅದನ್ನು ಅತ್ತಿತ್ತ ತಳ್ಳುತ್ತವೆ. ತೀರಾ ದೊಡ್ಡದಾದರೆ ಸಮಯ ಅಳೆಯುವ ಮೊದಲೇ ಬಿದ್ದುಹೋಗುತ್ತೆ. ಒಳಗಿನ ಗಾಳಿ ಬೆಚ್ಚಗಾದರೆ ಅದೇ ಹರಿಯಲು ಶುರು ಮಾಡುತ್ತೆ. ಅನುಭವ ಇರುವ ಕಣ್ಣಿಗೆ ಕೆಟ್ಟ ಹನಿ ಗೊತ್ತಾಗುತ್ತೆ, ನಾನು ಒಪ್ಪುತ್ತೇನೆ. ಪ್ರಯೋಗ ಮಾಡಿದವರಿಗೆಲ್ಲ ಇದು ಗೊತ್ತು. ಆದರೆ ಬಿಟ್ಟೆ ಅನ್ನುವುದು ಬೇರೆ, ಬಿಟ್ಟೇ ಇಲ್ಲ ಅನ್ನುವುದು ಬೇರೆ. ಆ ಒಂದು ವಾಕ್ಯ ನಿಜವಲ್ಲ. ನನಗೆ ಬೇಸರವಾಗುವುದು ಅಲ್ಲೇ. ಅಷ್ಟು ಒಳ್ಳೇ ಪ್ರಯೋಗಕ್ಕೆ ಆ ವಾಕ್ಯದ ಆಸರೆ ಬೇಕಿರಲಿಲ್ಲ.

ಇನ್ನೊಂದು ಮಾತು. 1913ರಲ್ಲಿ ಮಿಲಿಕನ್ ಅವರಿಗೆ ಎಲೆಕ್ಟ್ರಾನಿನ ಚಾರ್ಜಿಗೆ ಬಂದ ಬೆಲೆ, ಆ ಕಾಲದ ಮಾನದಲ್ಲಿ, 4.774. ಇವತ್ತಿನದು 4.803. ನೂರಕ್ಕೆ ಒಂದಕ್ಕಿಂತ ಕಡಿಮೆ ವ್ಯತ್ಯಾಸ. ಈ ವ್ಯತ್ಯಾಸ ಬಂದಿದ್ದು ಬಿಟ್ಟ ಹನಿಗಳಿಂದಲ್ಲ. ಗಾಳಿಯ ಸ್ನಿಗ್ಧತೆಗೆ, ಅಂದರೆ ಬೀಳುವ ಹನಿಗೆ ಗಾಳಿ ಎಷ್ಟು ಅಡ್ಡಿ ಮಾಡುತ್ತೆ ಅನ್ನುವುದಕ್ಕೆ, ಅವರು ಬಳಸಿದ ಅಂಕಿ ಸ್ವಲ್ಪ ಕಡಿಮೆ ಇತ್ತು. 1930ರ ದಶಕದಲ್ಲಿ ಅದು ಗೊತ್ತಾಯಿತು. ಅವರು ಅಷ್ಟು ಹೆದರಿ ಹನಿಗಳನ್ನು ಕಾಯುತ್ತಿದ್ದರು. ತಪ್ಪು ಗಾಳಿಯಲ್ಲಿತ್ತು.

ಇನ್ನೊಬ್ಬರ ಮನೆಯಲ್ಲಿದ್ದ ಕಾಗದ

ನೋಟ್‌ಬುಕ್ಕಿನಲ್ಲೂ ಇಲ್ಲದ ಒಂದು ಕಥೆ ಬೇರೆಯವರ ಹತ್ತಿರ ಇತ್ತು. ಹಾರ್ವಿ ಫ್ಲೆಚರ್ ಆಗ ಮಿಲಿಕನ್ ಅವರ ಪಿಎಚ್‌ಡಿ ವಿದ್ಯಾರ್ಥಿ. ನೀರಿನ ಬದಲು ಬೇರೆ ಏನಾದರೂ ಬಳಸಿ ನೋಡು ಅಂತ ಅವರಿಗೆ ಕೆಲಸ ಸಿಕ್ಕಿತು. ಫ್ಲೆಚರ್ ಔಷಧಿ ಅಂಗಡಿಯಿಂದ ಸ್ಪ್ರೇ ತಂದು, ಗಡಿಯಾರಕ್ಕೆ ಹಾಕುವ ಎಣ್ಣೆ ತಂದು, ಕೈಗೆ ಸಿಕ್ಕ ಸಾಮಾನಿನಲ್ಲೇ ಉಪಕರಣ ಕಟ್ಟಿ, ಹನಿಗಳು ಮಿನುಗುತ್ತಾ ಕುಣಿಯುವುದನ್ನು ನೋಡಿದರು. ಆಮೇಲೆ ಇಬ್ಬರೂ ಸೇರಿ ತಿಂಗಳುಗಟ್ಟಲೆ ದುಡಿದರು. ಒಂದು ದಿನ ಮಿಲಿಕನ್ ಫ್ಲೆಚರ್ ಮನೆಗೇ ಬಂದರು. ಮನೆಯಲ್ಲಿ ಎಳೇ ಮಗು. ಪಿಎಚ್‌ಡಿಗೆ ಕೊಡುವ ಲೇಖನಕ್ಕೆ ವಿದ್ಯಾರ್ಥಿಯೊಬ್ಬನದೇ ಹೆಸರು ಇರಬೇಕು ಅನ್ನುವ ನಿಯಮ ಇತ್ತು. ಹಾಗಾಗಿ ಒಂದು ಲೇಖನ ನಿನ್ನ ಹೆಸರಿಗೆ, ಇನ್ನೊಂದು ನನ್ನ ಹೆಸರಿಗೆ ಅಂತ ಮಿಲಿಕನ್ ಹೇಳಿದರು. ಎಲೆಕ್ಟ್ರಾನಿನ ಚಾರ್ಜಿನ ಲೇಖನ ಯಾರ ಹೆಸರಿಗೆ ಹೋಯಿತು ಅಂತ ಹೇಳಬೇಕಾಗಿಲ್ಲ ಅಲ್ವಾ? ಫ್ಲೆಚರ್ ಒಪ್ಪಿದರು. ಮಗು ಹುಟ್ಟಿದ ಮನೆಯಲ್ಲಿ, ಡಿಗ್ರಿ ಇನ್ನೂ ಕೈಗೆ ಬಂದಿರದ ಹೊತ್ತಲ್ಲಿ, ಗುರು ಎದುರಿಗೆ ಕೂತು ಕೇಳಿದರೆ ಯಾರಾದರೂ ಇಲ್ಲ ಅನ್ನುತ್ತಾರಾ?

ಫ್ಲೆಚರ್ ಇದನ್ನು ಬರೆದಿಟ್ಟರು. ಆದರೆ ನಾನು ಸತ್ತ ಮೇಲೆ ಪ್ರಕಟಿಸಿ ಅಂತ ಸ್ನೇಹಿತರ ಕೈಗೆ ಕೊಟ್ಟರು. ಅಷ್ಟರಲ್ಲಿ ಅವರು ಬೆಲ್ ಲ್ಯಾಬ್ಸ್‌ನಲ್ಲಿ ಕಿವಿ, ಮಾತು, ಸ್ಟೀರಿಯೋ ಶಬ್ದದ ಬಗ್ಗೆ ಕೆಲಸ ಮಾಡಿ ತಮ್ಮದೇ ಹೆಸರು ಗಳಿಸಿದ್ದರು. 1981ರಲ್ಲಿ ತೀರಿಕೊಂಡರು, 1982ರಲ್ಲಿ ಆ ಬರಹ ಹೊರಬಂತು. ಅದರಲ್ಲಿ ಗುರುವಿನ ಮೇಲೆ ವಿಷ ಇಲ್ಲ. ಆಗ ನಿರಾಸೆಯಾಗಿತ್ತು ಅಂತ ಇದೆ, ಆಮೇಲೂ ಸ್ನೇಹ ಉಳಿಯಿತು ಅಂತ ಇದೆ. 70 ವರ್ಷ ಒಂದು ವಿಷಯವನ್ನು ಒಳಗೇ ಇಟ್ಟುಕೊಂಡು, ಕಹಿಯಾಗದೆ ಇರುವುದು ಹೇಗೆ ಸಾಧ್ಯ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮಿಲಿಕನ್ ತಾವೇ ಬರೆದ ಆತ್ಮಕಥೆ 1950ರಲ್ಲಿ ಬಂತು. ಅದು ಅವರ ಬದುಕಿನ ರೆಕಾರ್ಡ್ ಪುಸ್ತಕ ಇದ್ದ ಹಾಗೆ. ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವ ಬಗ್ಗೆ ಅವರು ಸುಮಾರು ಹತ್ತು ವರ್ಷ ದುಡಿದಿದ್ದರು. ಐನ್‌ಸ್ಟೈನ್ ಅವರ ಬೆಳಕಿನ ಕಣದ ವಿಚಾರವನ್ನು ಬಿಟ್ಟರೆ ಬೇರೆ ವಿವರಣೆ ಇಲ್ಲ ಅಂತ ಆ ಪ್ರಯೋಗ ತೋರಿಸಿತು ಅಂತ ಆತ್ಮಕಥೆ ಹೇಳುತ್ತೆ. ಆದರೆ 1916ರಲ್ಲಿ ಅವರೇ ಬರೆದ ಲೇಖನ ತೆಗೆದರೆ, ಐನ್‌ಸ್ಟೈನ್ ಸಮೀಕರಣ ಸರಿ, ಆದರೆ ಅದರ ಹಿಂದಿನ ವಿಚಾರ ದುಡುಕಿನದು ಅನ್ನುವ ಧಾಟಿ ಇದೆ. ನಂಬದೇ ಇದ್ದ ವಿಚಾರವನ್ನು ಅಷ್ಟು ಪ್ರಾಮಾಣಿಕವಾಗಿ ಅಳೆದು, ಅದು ಸರಿ ಅಂತ ತೋರಿಸಿದ್ದು ಎಂಥಾ ದೊಡ್ಡ ವಿಷಯ! ಆತ್ಮಕಥೆಯಲ್ಲಿ ಆ ಕಷ್ಟವೇ ಅಳಿಸಿಹೋಗಿದೆ. ಅವರು ತಿದ್ದಿ ಬರೆದ ಮಿಲಿಕನ್‌ಗಿಂತ ಹಳೇ ಕಾಗದದಲ್ಲಿರುವ ಮಿಲಿಕನ್ ನನಗೆ ಹೆಚ್ಚು ದೊಡ್ಡವರು.

ಎಲ್ಲ ಕಾಗದಗಳೂ ಅವರನ್ನು ದೊಡ್ಡವರನ್ನಾಗಿ ಮಾಡಲ್ಲ. 1936ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಹರ್ತಾ ಸ್ಪೋನರ್ ಅವರನ್ನು ಫಿಸಿಕ್ಸ್ ವಿಭಾಗಕ್ಕೆ ತೆಗೆದುಕೊಳ್ಳುವಾಗ, ಹೆಂಗಸರನ್ನು ಆ ಕೆಲಸಕ್ಕೆ ಬೇಡ ಅನ್ನುವ ಅರ್ಥದ ಪತ್ರವನ್ನು ಮಿಲಿಕನ್ ಬರೆದರು. ನಾನು ಹೆಣ್ಣಾಗಿ ಆ ಕತ್ತಲೆ ಕೋಣೆಯಲ್ಲಿ ಅವರದ್ದೇ ಪ್ರಯೋಗ ಮಾಡಿದವಳು. ಅದನ್ನು ಓದಿದ ದಿನ ತುಂಬಾ ನೋವಾಯಿತು. ಡ್ಯೂಕ್‌ನವರು ಆ ಮಾತು ಕೇಳಲಿಲ್ಲ, ಸ್ಪೋನರ್ ಅಲ್ಲಿ ಪ್ರೊಫೆಸರ್ ಆದರು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಪ್ರಚಾರ ಮಾಡುತ್ತಿದ್ದ ಪಸಡೀನಾದ ಹ್ಯೂಮನ್ ಬೆಟರ್‌ಮೆಂಟ್ ಫೌಂಡೇಶನ್‌ಗೆ ಅವರು 1930ರ ದಶಕದ ಕೊನೆಯಲ್ಲಿ ಟ್ರಸ್ಟಿ ಆಗಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ಸುಮಾರು 20,000 ಮಂದಿ. ಆ ಫೌಂಡೇಶನ್ನಿನ ಕಾಗದಪತ್ರಗಳೂ ಕ್ಯಾಲ್ಟೆಕ್ ಸಂಗ್ರಹದಲ್ಲೇ ಇವೆ. 2021ರ ಜನವರಿಯಲ್ಲಿ ಆ ಸಂಸ್ಥೆ ತನ್ನ ಕಟ್ಟಡಗಳಿಂದ ಮಿಲಿಕನ್ ಹೆಸರನ್ನು ತೆಗೆಯುವ ತೀರ್ಮಾನ ಮಾಡಿತು. ಹೆಸರು ತೆಗೆದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಕಾಗದ ಇಟ್ಟುಕೊಂಡದ್ದೂ ಸರಿ. ಎಣ್ಣೆ ಹನಿಯ ಪುಟಗಳು, ಈ ಕಡತಗಳು, ಎರಡೂ ಒಂದೇ ಸಂಗ್ರಹದಲ್ಲಿ ಇರಬೇಕು.

ಆರನೇ ಸಾಲು

ಇಷ್ಟೆಲ್ಲ ಓದಿದ ಮೇಲೆ ನನ್ನ ಆರನೇ ಹನಿ ಇನ್ನೂ ಜಾಸ್ತಿ ಕಾಡಲು ಶುರುವಾಯಿತು. ಮಿಲಿಕನ್ ಬಿಟ್ಟ ಹನಿಯನ್ನು 70 ವರ್ಷದ ಮೇಲೂ ಒಬ್ಬರು ಲೆಕ್ಕ ಹಾಕಿ, ಇಷ್ಟು ಅಂತ ಹೇಳಬಹುದು. ಬಳಸಲ್ಲ ಅಂತ ಬರೆದರೂ ಆ ಪುಟ ಹರಿಯಲಿಲ್ಲವಲ್ಲ, ಅದಕ್ಕೆ. ನಾನು ಹರಿಯಲೂ ಇಲ್ಲ, ಸುಮ್ನೆ ರದ್ದಿಗೆ ಕೊಟ್ಟೆ.

ಕೊನೆಗೆ ನನ್ನ ಜೊತೆಯವಳಿಗೆ ಫೋನ್ ಮಾಡಿದೆ. ಈಗ ಅವಳು ಫಿಸಿಕ್ಸ್ ಬಿಟ್ಟು ಎಷ್ಟೋ ವರ್ಷ ಆಯಿತು. "ಆರನೇ ಹನಿ ನೆನಪಿದೆಯೇನೇ?" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಎರಡೂವರೆ ಬಂದಿದ್ದಾ? ಅದು ನೇರಕ್ಕೆ ಬೀಳ್ತಾನೇ ಇರ್ಲಿಲ್ಲ ಕಣೇ. ಪಕ್ಕಕ್ಕೆ ಸರೀತಿತ್ತು. ಆವಾಗ ನಾನಲ್ವಾ ನೋಡ್ತಿದ್ದಿದ್ದು" ಅಂದಳು.

ನನಗೆ ಮಾತೇ ಹೊರಡಲಿಲ್ಲ. ಪಕ್ಕಕ್ಕೆ ಸರಿಯುತ್ತಿದ್ದರೆ ಒಳಗೆ ಗಾಳಿ ಹರಿಯುತ್ತಿತ್ತು ಅಂತ ಅರ್ಥ ಇರಬಹುದು. ಹಾಗಾದರೆ ಸಮಯ ತಪ್ಪು, ಲೆಕ್ಕವೂ ತಪ್ಪು. ಅದನ್ನು ಬಿಡಲು ಕಾರಣ ಇತ್ತು. ಬಿಡೇ ಅಂತ ಅವಳು ಹೇಳಿದ್ದು ಲೆಕ್ಕ ಕೂರಲಿಲ್ಲ ಅಂತಲಾ, ಹನಿ ಸರಿಯಿಲ್ಲ ಅಂತಲಾ? ಕೇಳಿದೆ. "ಅದೆಲ್ಲ ಈಗ ಹೇಗೆ ಹೇಳ್ಲಿ?" ಅಂದಳು. ನನ್ನ ನೆನಪಿನಲ್ಲಿ ಮಾತ್ರ ಆ ಹನಿ ನೇರವಾಗಿಯೇ ಇದೆ, ನಾನೇ ನೋಡಿದ ಹಾಗೆ. ಅವಳ ನೆನಪು ಸರಿಯೋ ನನ್ನದು ಸರಿಯೋ ಹೇಳಲು ಒಂದು ಚೂರು ಕಾಗದ ಇಲ್ಲ.

ಫೋನ್ ಇಟ್ಟ ಮೇಲೆ ರೆಕಾರ್ಡ್ ತೆಗೆದೆ. ಟೇಬಲ್ಲಿನಲ್ಲಿ ಐದನೇ ಸಾಲಿನ ಕೆಳಗೆ ಸ್ವಲ್ಪ ಜಾಗ ಇತ್ತು. ಸ್ಕೇಲ್ ಇಟ್ಟು ಪೆನ್ಸಿಲ್ಲಿನಲ್ಲಿ ಇನ್ನೊಂದು ಗೆರೆ ಎಳೆದೆ. ಮೊದಲ ಮನೆಯಲ್ಲಿ 6 ಅಂತ ಬರೆದೆ. ಬೀಳುವ ಸಮಯ, ಏರುವ ಸಮಯದ ಮನೆಗಳು ಖಾಲಿ ಉಳಿದವು. ಪಕ್ಕದ ಅಂಚಿನಲ್ಲಿ ಬರೆದೆ: ಎರಡೂವರೆ ಬಂತು. ಪಕ್ಕಕ್ಕೆ ಸರಿಯುತ್ತಿತ್ತು ಅನ್ನುತ್ತಾಳೆ, ನನಗೆ ನೆನಪಿಲ್ಲ. ನಾಲ್ಕನೇ ಸಾಲಿನ ಸಮಯ ತಿದ್ದಿದ್ದು, ಮೊದಲು ಎಷ್ಟಿತ್ತು ಗೊತ್ತಿಲ್ಲ.